ನೀಸ್ ಊರಿನ ಹೆದರಿಕೆ

ಆಗ ನನಗೆ ಅರವತ್ತೊಂಬತ್ತು. ಅದಾಗಿ ಎರಡು ವರ್ಷ. ಕತಾರಿನ ಲುಸೈಲ್‌ನಲ್ಲಿ ಮಗನ ಮನೆಯ ಸಿಂಕಿನಲ್ಲಿ ಬೂತಾಯಿ ಮೀನು ತೊಳೆಯುತ್ತಿದ್ದೆ. ಮಗ ಸುಧಾಕರ ಬಾಗಿಲಲ್ಲಿ ನಿಂತು, ತನ್ನ ರಜೆ ರದ್ದಾಯಿತು, ನೀನೊಬ್ಬಳೇ ಹೋಗುವುದಾದರೆ ಹೋಗು ಎಂದ. ಹೋಗಬೇಕಾದದ್ದು ಎಲ್ಲಿಗೆ? ಫ್ರಾನ್ಸಿನ ತೆಂಕಣ ಕಡಲಂಚಿನ ನೀಸ್ ಎಂಬ ಊರಿಗೆ. ಅಲ್ಲಿ ನನ್ನ ಮಗಳು ವಿನಯಾ ದಿನ ತುಂಬುವ ಮುಂಚೆಯೇ ಹೆತ್ತು, ಹತ್ತು ದಿನದ ಕೂಸಿನೊಂದಿಗೆ ಒಬ್ಬಳೇ ಕೂತಿದ್ದಳು. ಅವಳ ಗಂಡ ಹಡಗಿನ ಕೆಲಸದವನು, ನಡುಸಮುದ್ರದಲ್ಲಿದ್ದ. ಎರಡು ವಾರದ ವೀಸಾ ನನಗೂ ಮಗನಿಗೂ ಆಗಿತ್ತು, ಸೊಸೆಗೆ ಮಾಡಿಸಿರಲಿಲ್ಲ.

ಹೆದರಿಕೆ ಹೊಟ್ಟೆಯಲ್ಲಿ ಹುಟ್ಟುತ್ತದೆ ಎನ್ನುತ್ತಾರೆ. ನನಗೆ ಅದು ನಾಲಿಗೆಯಲ್ಲಿ ಹುಟ್ಟಿತು. ಕತಾರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಕನ್ನಡವನ್ನೇ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವ ನಾನು ಅರಬಿ ಕಲಿಯಲಿಲ್ಲ, ಇಂಗ್ಲಿಷೂ ಕಲಿಯಲಿಲ್ಲ. ಕಲಿಯುವ ಅಗತ್ಯವೇ ಬೀಳಲಿಲ್ಲ ಕಣ್ರೀ. ಆಸ್ಪತ್ರೆಯ ಕಿಟಕಿಯಿರಲಿ, ತರಕಾರಿಯ ತಕ್ಕಡಿಯಿರಲಿ, ಮದ್ದಿನ ಅಂಗಡಿಯಿರಲಿ, ಎಲ್ಲದರ ಹಿಂದೆಯೂ ಒಬ್ಬ ಮಲಯಾಳಿ ಇದ್ದೇ ಇರುತ್ತಾನೆ. ‘ಚೇಟ್ಟಾ’, ಅಂದರೆ ಅಣ್ಣಾ, ಎಂದು ಕರೆದರೆ ಅರ್ಧ ಕೆಲಸ ಮುಗಿಯಿತು. ಪರದೇಶದಲ್ಲಿದ್ದೇನೆ ಎಂಬುದೇ ಮರೆಯುವ ಹಾಗೆ ಆ ಜನ ನನ್ನನ್ನು ಸಾಕಿದರು. ನೀಸ್‌ನಲ್ಲಿ ಯಾವ ಚೇಟ್ಟ ಇರುತ್ತಾನೆ, ನೀವೇ ಹೇಳಿ.

ಕಾರಿನ ಮಾತು ಬೇಡವೇ ಬೇಡ. ನನಗೆ ಓಡಿಸಲು ಬಾರದು, ಮಗಳ ಹತ್ತಿರ ಕಾರಿಲ್ಲ, ಅವಳ ಮನೆಯ ಗಲ್ಲಿಗೆ ಟ್ಯಾಕ್ಸಿ ನುಗ್ಗುವುದಿಲ್ಲ. ಅದೂ ಅಲ್ಲದೆ ಟ್ಯಾಕ್ಸಿ ಹತ್ತಿದರೆ ಗುರುತಿಲ್ಲದ ಒಬ್ಬನ ಕೈಯಲ್ಲಿ ಜೀವ. ಟ್ರಾಮ್‌ನಲ್ಲಾದರೆ ನಾಲ್ಕು ಜನರ ಕಣ್ಣಿರುತ್ತದೆ. ವಿನಯಾ ಫೋನಿನಲ್ಲಿ ದಾರಿ ಹೇಳಿದ್ದಳು. ವಿಮಾನ ನಿಲ್ದಾಣದ ಬಾಗಿಲಲ್ಲೇ ಟ್ರಾಮ್ ಉಂಟು, ಅದರ ಕೊನೆ ಬಂದರು. ಬೋರ್ಡು ಓದುವುದೇ ಬೇಡ, ಎಲ್ಲರೂ ಇಳಿದಾಗ ನೀನೂ ಇಳಿ. ಅಲ್ಲಿಂದ ಗುಡ್ಡದ ಕಡೆಗೆ ಒಂದೇ ಗಲ್ಲಿ. ದೋಣಿಗಳು ನಿಲ್ಲುವ ಮಲ್ಪೆಯ ದಕ್ಕೆಯಲ್ಲಿ ಬೆಳೆದವಳಿಗೆ ಬಂದರು ಎಂಬ ಶಬ್ದ ಕೇಳಿ ಒಂದು ಗಳಿಗೆ ಧೈರ್ಯ ಬಂತು. ಗಳಿಗೆಯಷ್ಟೇ.

ಸುಧಾಕರ ಲೆಕ್ಕಾಚಾರದ ಮನುಷ್ಯ. ಪರೀಕ್ಷೆ ಮಾಡಿ ನೋಡುವ ಎಂದ. ನಮ್ಮ ಲುಸೈಲ್‌ನಲ್ಲೂ ಟ್ರಾಮ್ ಇದೆಯಲ್ಲ, ಸಂಜೆ ನನ್ನನ್ನು ಅದಕ್ಕೆ ಹತ್ತಿಸಿ, ತಾನು ಕಾರಿನಲ್ಲಿ ಹೋಗಿ ಕೊನೆಯ ನಿಲ್ದಾಣದಲ್ಲಿ ನಿಲ್ಲುವುದು. ಷರತ್ತು ಒಂದೇ: ಯಾರ ಹತ್ತಿರವೂ ಮಲಯಾಳದಲ್ಲಿ ಕೇಳಕೂಡದು.

ಬಾಯಿ ಹೊಲಿದುಕೊಂಡು ಕೂತೆ. ಹೊರಗೆ ಯಾರೂ ನಡೆದಾಡದ ರಸ್ತೆ, ಗಾಜಿನ ಕಟ್ಟಡಗಳು. ಗಾಡಿ ನೆಲದೊಳಕ್ಕೆ ಇಳಿದು ಕತ್ತಲಾದಾಗ ಕಿಟಕಿಯಲ್ಲಿ ನನ್ನದೇ ಮುಖ. ನುಂಗಲು ಹೋದರೆ ಉಗುಳೇ ಇಲ್ಲ. ಒಂದು ಕಡೆ ಗಾಡಿ ನಿಂತಿತು, ಎಲ್ಲರೂ ದಡದಡ ಇಳಿದರು. ಮಗಳ ಪಾಠದಂತೆ ನಾನೂ ಇಳಿದೆ. ಬಾಗಿಲು ಮುಚ್ಚಿ ಗಾಡಿ ಮುಂದಕ್ಕೆ ಹೋದಾಗಲೇ ಗೊತ್ತಾದದ್ದು, ಅದು ಕೊನೆಯಲ್ಲ. ಜನ ಇಳಿದದ್ದು ಮೆಟ್ರೋ ಹಿಡಿಯಲಿಕ್ಕೆ. ಸುಧಾಕರ ಅಲ್ಲಿಲ್ಲ. ಫೋನು ಬ್ಯಾಗಿನಲ್ಲಿತ್ತು, ಬ್ಯಾಗಿನ ಜಿಪ್ಪು ಎಳೆಯಲು ಕೈ ಬರಲಿಲ್ಲ.

“ಅಮ್ಮೇ, ಎವಿಡೆ ಪೋಗಣಂ?” ಎಂದ, ಪಕ್ಕದಲ್ಲಿದ್ದ ಕಾವಲಿನವನು, ಎಲ್ಲಿಗೆ ಹೋಗಬೇಕು ಎಂದು.

ಅಷ್ಟು ಕೇಳಿದ್ದೇ ತಡ, ಅವನ ಕುರ್ಚಿಯಲ್ಲಿ ಕೂತುಬಿಟ್ಟೆ. ಬಾಯಿಯಿಂದ ಮಲಯಾಳ ಹರಿಯಿತು. ನಾನು ಸೋತಿದ್ದೆ.

ಕಾವಲಿನವನು ಫೋನು ಮಾಡಿದ ಮೇಲೆ ಮಗ ಬಂದು ಕಾರಿಗೆ ಹತ್ತಿಸಿದ. “ಇದು ಆಗುವ ಹೋಗುವ ಮಾತಲ್ಲ ಅಮ್ಮ. ಖಲಾಸ್. ಟಿಕೆಟ್ ಮಾಡುದಿಲ್ಲ.”

ನಿಜ ಹೇಳುವುದಾದರೆ ಎದೆಯಿಂದ ಕಲ್ಲು ಇಳಿದ ಹಾಗಾಯಿತು.

ಮನೆಗೆ ಬಂದ ಮೇಲೆ ವಿನಯಾಳ ಫೋನು. ಕೂಸು ಹಿಂದಿನಿಂದ ಕಿರುಚುತ್ತಿತ್ತು. ಅವಳ ಸ್ವರ ಒಣಗಿತ್ತು. ಏನು ತಿಂದೆ ಎಂದರೆ ನೆರೆಮನೆಯವಳು ಕೊಟ್ಟ ಬ್ರೆಡ್ಡು ಎಂದಳು.

“ನೀನು ಹೆದರಬೇಡಮ್ಮ, ನಾನೇ ಮಗುವನ್ನು ಎದೆಗೆ ಕಟ್ಟಿಕೊಂಡು ಬಂದರಿಗೆ ಬರ್ತೇನೆ. ಇಲ್ಲಿ ಎಲ್ಲ ಹಾಗೇ ಮಾಡುದು.”

“ನಿನ್ನ ತಲೆ! ಹಸಿ ಬಾಣಂತಿ ಸಮುದ್ರದ ಗಾಳಿಗೆ ಹೋಗಿ ನಿಲ್ಲುದುಂಟಾ? ನಲವತ್ತು ದಿನದ ಮೊದಲು ಹೊಸ್ತಿಲು ದಾಟಿದರೆ ಕಾಲು ಮುರಿತೇನೆ.”

“ಕಾಲು ಮುರಿಲಿಕ್ಕಾದರೂ ನೀನು ಇಲ್ಲಿಗೆ ಬರಬೇಕಲ್ಲ?” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಬಾಣಂತಿಗೆ ಗಾಳಿ ಹಿಡಿಯುವುದೆಲ್ಲ ಸುಳ್ಳು ಎಂದು ಡಾಕ್ಟರು ಹೇಳಿಯಾರು, ಇರಬಹುದು. ಆದರೆ ಸುಧಾಕರನನ್ನು ಹೆತ್ತ ಎಂಟನೆಯ ದಿನಕ್ಕೆ ಮೀನಿನ ಬುಟ್ಟಿ ಹೊತ್ತು ದಕ್ಕೆಗೆ ಹೋದವಳು ನಾನು. ಅಂದಿನಿಂದ ನೋಯುವ ಈ ಸೊಂಟಕ್ಕೆ ಯಾವ ಡಾಕ್ಟರ ಮಾತೂ ತಿಳಿಯುವುದಿಲ್ಲ. ಅವಳು ಬಂದರಿಗೆ ಬಂದರೆ ನನ್ನ ಹೆದರಿಕೆ ಹೋಗುತ್ತದೆ, ಅವಳ ಮೈಗೆ ಗಾಳಿ ಹೊಗುತ್ತದೆ. ಅವಳು ಬಾರದಿದ್ದರೆ ಆ ಗಲ್ಲಿಯನ್ನು ನಾನೊಬ್ಬಳೇ ಹತ್ತಬೇಕು, ಮೂಕಿಯ ಹಾಗೆ. ನಾನು ಹೋಗದಿದ್ದರೆ ಅವಳಿಗೆ ಬ್ರೆಡ್ಡೇ ಗತಿ. ಹೆದರಿಕೆಯ ಗುಣವೇ ಹಾಗೆ ನೋಡಿ: ಅದು ಯಾವತ್ತೂ ಪೂರಾ ಹೋಗುವುದಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತದೆ, ಅಷ್ಟೆ. ಯಾರ ತಲೆಯ ಮೇಲಿರಬೇಕು ಎಂಬುದನ್ನು ಮಾತ್ರ ನಾವು ನೋಡಿಕೊಳ್ಳಬಹುದು.

ಮರುದಿನ ಬೆಳಿಗ್ಗೆ ಎದ್ದವಳೇ ಒಲೆ ಹಚ್ಚಿ ಕಾಳುಮೆಣಸು, ಓಮ, ಮೆಂತೆ ಹುರಿದೆ. ಓಲೆಬೆಲ್ಲ ಕರಗಿಸಿ ತುಪ್ಪ ಸುರಿದೆ. ಬಾಣಂತಿ ಮದ್ದು ಒಮ್ಮೆ ಒಲೆಗೇರಿದರೆ ಬಾಣಂತಿಯ ಹೊಟ್ಟೆಗೇ ಸೇರಬೇಕು, ಮನೆಯಲ್ಲಿಟ್ಟು ಹಳಸಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಘಾಟಿಗೆ ಸೀನುತ್ತ ಸುಧಾಕರ ಎದ್ದು ಬಂದ.

“ಎಂತ ಅಮ್ಮ ಇದು? ಈ ಮನೆಯಲ್ಲಿ ಯಾರು ಬಾಣಂತಿ?”

“ಟಿಕೆಟ್ ಮಾಡು” ಎಂದೆ.

ಸೌಟು ಕೆಳಗಿಡಲಿಲ್ಲ. ತಳ ಹಿಡಿಯದ ಹಾಗೆ ತಿರುವುತ್ತಲೇ ಇದ್ದೆ.