ಡ್ರಾ ಒಲ್ಲದ ಯಂತ್ರ

ನಾನು ನಾಸಿಕದ ಶಾಖೆಗೆ ವರ್ಗವಾಗಿ ಬಂದಾಗ ಪಕ್ಕದ ಕೌಂಟರಿನಲ್ಲಿ ರಘೋತ್ತಮರಾಯರಿದ್ದರು. ಬಾಗಲಕೋಟೆಯವರು, ಬ್ರಹ್ಮಚಾರಿ. ಯಾಕೆ ಮದುವೆಯಾಗಲಿಲ್ಲವೆಂದು ಕೇಳಿದರೆ, "ಟ್ರಾನ್ಸ್‌ಫರ್ ಆಗೋದರಾಗ ಹೊತ್ತು ಎಲ್ಲಿ ಸಿಕ್ತರಿ?" ಎಂದರು. ದಿನವಿಡೀ ಬ್ಯಾಂಕಿನ ಮರಾಠಿ, ಮನೆಗೆ ಬಂದರೆ ಮೌನ. ಮನೆಯಲ್ಲೊಂದು ಹಳೆಯ ಕಂಪ್ಯೂಟರು, ಅದರೊಳಗೆ ಅವರೇ ಬರೆದ ಚೆಸ್ ಪ್ರೋಗ್ರಾಂ. ಅನ್ನಕ್ಕಿಟ್ಟು ಅದರೊಡನೆ ಆಡಲು ಕೂತರೆ ಕುಕ್ಕರು ಕೂಗಿ ಕೂಗಿ ಸುಸ್ತಾಗಬೇಕು. ಅನ್ನ ಸೀದರೂ ಬೈಯುವವರು ಯಾರೂ ಇರಲಿಲ್ಲ.

ಈ ಹುಚ್ಚಿನವರ ಇಂಗ್ಲಿಷೇ ಬೇರೆ. ಬುಕ್ ಎಂದರೆ ಪ್ರೋಗ್ರಾಂಗೆ ಬಾಯಿಪಾಠ ಮಾಡಿಸಿಟ್ಟ ಮೊದಲ ನಡೆಗಳು. ಪಾಂಡರ್ ಎಂದರೆ ಎದುರಾಳಿ ಯೋಚಿಸುವಾಗ ತಾನೂ ಯೋಚಿಸುತ್ತಿರುವುದು. ಕಂಟೆಂಪ್ಟ್ ಎಂದರೆ ಡ್ರಾ ಬಗ್ಗೆ ಅದಕ್ಕಿರುವ ತಾತ್ಸಾರ. ಆ ಅಂಕಿ ಏರಿಸಿದಷ್ಟೂ ಅದು ಸಮಕ್ಕೆ ಒಪ್ಪದೆ ಹಟ ಹಿಡಿಯುತ್ತದೆ. ಇದನ್ನೆಲ್ಲ ಬ್ಯಾಂಕಿನಲ್ಲಿ ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಕೇಳುವ ಒಬ್ಬರು ಸಿಕ್ಕಿದ್ದು ತೊಂಬತ್ತೈದರಲ್ಲಿ, ಈಗಿನ ಸಂಭಾಜಿನಗರ, ಆಗಿನ ಔರಂಗಾಬಾದಿನಲ್ಲಿ. ಅಲ್ಲಿನ ಕಂಪ್ಯೂಟರ್ ಕ್ಲಾಸಿನವರು ಇಂಥ ಪ್ರೋಗ್ರಾಂಗಳ ಪಂದ್ಯ ಇಟ್ಟಿದ್ದರು. ಯೋಚಿಸುವುದು ಯಂತ್ರ; ಬರೆದ ಯಜಮಾನ ಅದು ಹೇಳಿದಂತೆ ಕಾಯಿ ನಡೆಸುವ ಆಳು ಮಾತ್ರ. ಹಾಗಾಗಿ ಎದುರೆದುರು ಕೂತವರಿಗೆ ಹರಟೆಗೆ ಬೇಕಾದಷ್ಟು ಬಿಡುವು. ರಾಯರ ಎದುರು ಕೂತದ್ದು ಕುಂದಾಪುರ ಕಡೆಯಿಂದ ಬಂದು ಆ ಊರಲ್ಲೇ ಹೋಟೆಲಿಟ್ಟಿದ್ದ ಮೋಹನದಾಸರು. "ಓ, ಕನ್ನಡದವ್ರಾ ಮಾರಾಯ್ರೆ!" ಎಂದದ್ದೇ ತಡ, ರಾಯರ ಮಾತಿನ ಕಟ್ಟೆ ಒಡೆಯಿತು. ಮಾತು ರಂಗೇರುವಷ್ಟರಲ್ಲಿ ಆಟ ಡ್ರಾ ಆಗಿ ಮೋಹನದಾಸರು ಹೋಟೆಲಿಗೆ ಓಡಿದರು.

ಆ ತುಸು ಹೊತ್ತಿನ ಮಾತನ್ನು ರಾಯರು ವರ್ಷವಿಡೀ ಮೆಲುಕು ಹಾಕಿದರು. ಮರುವರ್ಷ ಹೊರಡುವ ಮುಂಚೆ ಕಂಟೆಂಪ್ಟನ್ನು ತುದಿಗೇರಿಸಿದರು. ಗೆಲ್ಲಲಿಕ್ಕಲ್ಲ, ಆಟ ಬೇಗ ಮುಗಿಯದಿರಲಿ, ಮೋಹನದಾಸರು ಎದುರು ಕೂತಿರಲಿ ಎಂದು. ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಯೇವಲೆಯ ಮೇಲೆ ಔರಂಗಾಬಾದಿಗೆ ಹೋಗುವ ಬಸ್ಸು ಹತ್ತಿದರು.

ಅದೃಷ್ಟಕ್ಕೆ ಮೋಹನದಾಸರೇ ಎದುರಾಳಿಯಾದರು. ಗೆದ್ದವರು ಮುಂದಿನ ಸುತ್ತಿಗೆ, ಡ್ರಾ ಆದರೆ ಇಬ್ಬರೂ ಮನೆಗೆ ಎಂಬುದು ಅಂದಿನ ನಿಯಮ. ಡ್ರಾ ಒಪ್ಪುವ ಹಕ್ಕು ಯಂತ್ರದ್ದೇ, ಮನುಷ್ಯರದಲ್ಲ. ಆಟ ಸಮವಾಗಿ ಸಾಗುತ್ತಿತ್ತು. ಮೋಹನದಾಸರು ಡ್ರಾ ಕೇಳಿದರು, ರಾಯರ ಯಂತ್ರ ಬೇಡವೆಂದಿತು. ಮತ್ತೆ ಕೇಳಿದರು, ಮತ್ತೆ ಬೇಡವೆಂದಿತು. ರಾಯರಿಗೆ ಒಳಗೊಳಗೇ ಹಿಗ್ಗು.

ಮೋಹನದಾಸರು ಮೂರನೆಯ ಸಲ ಕೇಳಿದಾಗ, ಸಮವಾಗಬಾರದೆಂಬ ಹಟಕ್ಕೆ ಬಿದ್ದ ಆ ಪೆದ್ದು ಯಂತ್ರ ಮತ್ತೂ ಬೇಡವೆಂದು ಆನೆಯನ್ನೇ ಬಿಟ್ಟುಕೊಟ್ಟಿತು. ಮುಂದೆ ನಾಲ್ಕಾರು ನಡೆಯಲ್ಲಿ ಸೋಲು.

ಮೋಹನದಾಸರು ಮುಖ ಸಪ್ಪಗೆ ಮಾಡಿಕೊಂಡು ಎದ್ದರು. "ಎಂಥದು ಮಾರಾಯ್ರೆ ನಿಮ್ಮದು! ಡ್ರಾ ಆಗಿದ್ರೆ ಇಬ್ರೂ ಮನೆಗೆ ಹೋಗ್ಬಹುದಿತ್ತಲ್ಲ. ನೀವು ಬರ್ತೀರಿ ಅಂತ ನನ್ನ ಹೆಂಡ್ತಿ ಸುಗುಣಾ ಅಡುಗೆ ಮಾಡಿ ಕಾಯ್ತಾ ಇದ್ದಾಳೆ. ಈಗ ನಾನು ಸಂಜೆವರೆಗೆ ಇಲ್ಲೇ ಬಿದ್ದಿರ್ಬೇಕು."

"ಇರ್ಲಿ ಬಿಡ್ರಿ," ಎಂದರು ರಾಯರು. ಮರುದಿನ ಬ್ಯಾಂಕಿತ್ತು, ಸಂಜೆಯ ಬಸ್ಸಿಗೆ ಹೊರಟರು. ಆಮೇಲೆ ಆ ಪಂದ್ಯವೂ ನಿಂತುಹೋಯಿತು. ತಾವಾಗಿ ಯಾರ ಮನೆಗೂ ಹೋಗುವ ಜಾಯಮಾನ ಅವರದಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ರಾಯರೇ. "ಈ ಊರ ಕಡೆ ಬಂದ ಮ್ಯಾಲೆ ನನ್ನ ಊಟಕ್ಕ ಕರದವರು ಅವರೊಬ್ಬರ," ಎಂದರು. "ಅವರಿಗೆ ಮೂರು ಸಲ ನಾನ ಬ್ಯಾಡ ಅಂದಂಗಾತಲ್ರೀ."