ದಿನಾ ಓಡಾಡುವವರ ಸಾಲು

ಮೊನ್ನೆ ಅಂತಿಮ ವರ್ಷದ ಹುಡುಗಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ತುಂಬಿಸಿದ ಪ್ರಶ್ನಾವಳಿಗಳ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಕಟ್ಟಿನ ಹಿಂದೆಯೇ ಒಂದು ವಾಸನೆಯೂ ಬಂತು. ಶುಂಠಿ ಪೆಪ್ಪರಮಿಂಟಿನದು. "ಗಂಟಲು ಕೆರೆತ ಮೇಡಂ" ಎಂದು ನಾಚಿಕೊಂಡವಳು, ನನಗೂ ಒಂದು ತೆಗೆದುಕೊಟ್ಟಳು. ಕಂದು ಬಣ್ಣದ, ಸಕ್ಕರೆ ಹೊರಳಿಸಿದ, ಚೌಕ ತುಂಡು. ಬಾಯಿಗೆ ಹಾಕಿಕೊಂಡಿದ್ದೇ ತಡ, ನಾನು ನರಸಿಂಹರಾಜಪುರದ ಆ ಸ್ಟಾಫ್ ರೂಮಿನಲ್ಲಿ ಇರಲಿಲ್ಲ. ಕೊಪ್ಪದಿಂದ ನಮ್ಮೂರಿಗೆ ಹೋಗುವ ಸಂಜೆ ಬಸ್ಸಿನಲ್ಲಿ, ಎಡಗಡೆಯ ಕಿಟಕಿ ಪಕ್ಕ ಕೂತಿದ್ದೆ.

ನಮ್ಮೂರು ಅಡ್ಡಗದ್ದೆಯಿಂದಲೂ ಒಳಗೆ. ಟಾರು ರಸ್ತೆ ಮುಗಿದ ಮೇಲೆ ಇನ್ನೂ ಒಂದಷ್ಟು ದೂರ ಹೋಗಬೇಕು. ಅಷ್ಟು ದೂರಕ್ಕೂ ಒಂದು ಬಸ್ಸು ಬರುತ್ತಿತ್ತು ಅಂದರೆ ಈಗಿನವರು ನಂಬುವುದಿಲ್ಲ. ಖಾಸಗಿ ಬಸ್ಸು. ಕತ್ತಲಾಗುವ ಹೊತ್ತಿಗೆ ಬಂದು, ಶಾಲೆಯ ಮುಂದಿನ ಬಯಲಿನಲ್ಲಿ ರಾತ್ರಿ ನಿಂತು, ಬೆಳಿಗ್ಗೆ ಮತ್ತೆ ಕೊಪ್ಪಕ್ಕೆ ಹೊರಡುವುದು. ಹಾಲ್ಟಿಂಗ್ ಬಸ್ಸು ಅಂತಲೇ ಅದಕ್ಕೆ ಹೆಸರು. ಡ್ರೈವರು ಮತ್ತು ಕಂಡಕ್ಟರು ಬಸ್ಸಿನಲ್ಲೇ ಮಲಗುತ್ತಿದ್ದರು. ಅವರ ರಾತ್ರಿ ಊಟಕ್ಕೆ ಊರಿನವರು ಒಂದು ಸರದಿ ಮಾಡಿಕೊಂಡಿದ್ದರು, ವಾರದ ಒಂದೊಂದು ದಿನ ಒಂದೊಂದು ಮನೆ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ನಾನು ಹುಟ್ಟುವಾಗಲೇ ಇತ್ತು. ನಮ್ಮ ಮನೆಯ ಸರದಿ ಮಂಗಳವಾರ.

ಡ್ರೈವರುಗಳು ಬದಲಾಗುತ್ತಿದ್ದರು. ಕಂಡಕ್ಟರು ಮಾತ್ರ ಅವರೇ. ಮಕ್ಕಳೆಲ್ಲ ಕಂಡಕ್ಟರ್ ಮಾಮ ಅನ್ನುತ್ತಿದ್ದೆವು. ನಾನು ಡಿಗ್ರಿಗೆ ಬಂದ ಮೇಲೂ ಹಾಗೇ ಕರೆದೆ. ಅವರ ಊರು ಎನ್.ಆರ್. ಪುರದ ಕಡೆ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳಿಗೆ ಮದುವೆಯಾಗಿತ್ತು. ಹಾಗಾಗಿ ರಜೆ ಸಿಕ್ಕರೂ ಅವರಿಗೆ ಎಲ್ಲಿಗೂ ಹೋಗುವ ತವಕವಿರಲಿಲ್ಲ. ನಮ್ಮೂರಿನ ಮಾತೆಲ್ಲ ನಾಲಿಗೆಗೆ ಹತ್ತಿ, ನನ್ನನ್ನು ಕೂಸೇ ಎಂದೇ ಕರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವತ್ತೂ ಶುಂಠಿ ಪೆಪ್ಪರಮಿಂಟಿನ ಪೊಟ್ಟಣ. ತಿರುವಿನ ರಸ್ತೆಯಲ್ಲಿ ಯಾರ ಮುಖ ಬಿಳುಚಿಕೊಂಡಿತೋ ಅವರ ಕೈಗೆ ಒಂದು ಬೀಳುತ್ತಿತ್ತು. "ಬಾಯಲ್ಲಿ ಇಟ್ಕ. ಕಿಟಕಿ ಆಚೆ ನೋಡು. ನನ್ ಬಸ್ಸಲ್ಲಿ ಮಾತ್ರ ವಾಂತಿ ಮಾಡ್ಬೇಡ ಮಾರಾಯ."

ಮಂಗಳವಾರ ಜಗಲಿಗೆ ಕಾಲಿಡುತ್ತಲೇ ಒಂದೇ ಪ್ರಶ್ನೆ. "ಅಕ್ಕಾ, ಬದ್ನೆಕಾಯಿ ಹಾಕಿಲ್ಲ ಅಲ್ಲ?"

"ಹಾಕಿಲ್ಲ ಬನ್ನಿ. ನಿಮ್ಮಿಂದಾಗಿ ನಮ್ಮನೇಲಿ ಮಂಗಳವಾರ ಬದ್ನೆಕಾಯಿಗೆ ರಜ" ಅನ್ನುತ್ತಿದ್ದಳು ಅಮ್ಮ.

ಟಿಕೆಟಿನ ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದರು. ಊಟವಾದ ಮೇಲೆ ಆ ದಿನ ಊರಿನವರಿಗೆಂದು ಪೇಟೆಯಿಂದ ತಂದದ್ದನ್ನೆಲ್ಲ ಹೇಳುವರು. ಇಂಥವರ ಮಿಕ್ಸಿ ಜಾರು ರಿಪೇರಿ ಆಯಿತು, ಇಂಥವರ ಬಿಪಿ ಮಾತ್ರೆ ನಾಳೆ ಬರುತ್ತದೆ, ಮೇಲಿನ ಮನೆ ಅಜ್ಜಿಯ ರವಿಕೆ ಬಟ್ಟೆಗೆ ಬಣ್ಣ ಹೊಂದುವ ನೂಲು ಸಿಗಲಿಲ್ಲ... ನಮ್ಮೂರಿನಲ್ಲಿ ಆಗ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಪೇಟೆಯ ಸುದ್ದಿ ಅಂದರೆ ಅವರು ಹೇಳಿದ್ದೇ.

ನಾನು ಕೊಪ್ಪದಲ್ಲಿ ಬಿ.ಎ. ಕೊನೆಯ ವರ್ಷ ಓದುವಾಗ ಅರ್ಥಶಾಸ್ತ್ರಕ್ಕೆ ಒಂದು ಪ್ರಬಂಧ ಬರೆಯಬೇಕಾಯಿತು. ಗೆಳತಿಯರು ಕಾಫಿ, ಸಹಕಾರ ಸಂಘ, ಸ್ವಸಹಾಯ ಗುಂಪು ಅಂತೆಲ್ಲ ಆರಿಸಿಕೊಂಡರು. ನನಗೆ ಏನೂ ಹೊಳೆಯದೆ ದಿನ ಹೋದವು. ಒಂದು ಸಂಜೆ ಬಸ್ಸಿನಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದಾಗ, ನಾನು ಕೂತ ಬಸ್ಸೇ ವಿಷಯ ಅಂತ ಹೊಳೆಯಿತು. ಒಳನಾಡಿನ ಹಳ್ಳಿಗೆ ಬಸ್ ಸಂಪರ್ಕದಿಂದ ಏನೇನು ಪ್ರಯೋಜನ, ಜನ ಎಷ್ಟು ಬಳಸುತ್ತಾರೆ, ಯಾತಕ್ಕೆ ಬಳಸುತ್ತಾರೆ. ನಮ್ಮ ಮೇಡಂ ಒಪ್ಪಿದರು. ಪ್ರಶ್ನಾವಳಿ ತಯಾರಾಯಿತು.

ಕಂಡಕ್ಟರ್ ಮಾಮನಿಗೆ ಇದು ಗೊತ್ತಾದದ್ದೇ ಗೊತ್ತಾದದ್ದು, ಅವರ ನಡಿಗೆಯೇ ಬದಲಾಯಿತು. ಕಾರಣ ಇತ್ತು. ಹಾಲ್ಟಿಂಗ್ ನಿಲ್ಲಿಸಿಬಿಡುವ ಮಾತು ಬಸ್ಸಿನ ಮಾಲೀಕರು ಆಗಲೇ ಆಡಿದ್ದರು. ಕೊನೆಯ ಆ ದಾರಿಯಲ್ಲಿ ಬಸ್ಸು ಖಾಲಿ ಬರುತ್ತದೆ, ಅಡ್ಡಗದ್ದೆಯಿಂದಲೇ ತಿರುಗಿಸುವುದು ವಾಸಿ ಅಂತ. ಈ ಮನುಷ್ಯ ಹೋಗಿ, ಕಾಲೇಜಿನವರು ನಮ್ಮ ಬಸ್ಸಿನ ಮೇಲೆ ಪುಸ್ತಕ ಬರೆಯುತ್ತಿದ್ದಾರೆ ಎಂದರಂತೆ. ಮಾಲೀಕರು ನಕ್ಕು, "ಆಯ್ತು, ಅದನ್ನ ತಂದು ತೋರ್ಸು. ಆಮೇಲೆ ನೋಡಣ" ಎಂದರಂತೆ. ಅವರು ಅದನ್ನು ತಮಾಷೆಗೆ ಹೇಳಿರಬಹುದು. ಇವರು ತಮಾಷೆ ಎಂದುಕೊಳ್ಳಲಿಲ್ಲ.

ಪರೀಕ್ಷೆ ಹತ್ತಿರವಿದ್ದುದರಿಂದ ನಾನು ಕೊಪ್ಪದಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿಯಬೇಕಾಯಿತು. ಪ್ರಶ್ನಾವಳಿ ತುಂಬಿಸುವುದು ಹೇಗೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಚಿಂತೆ ಮಾಡುತ್ತಾ ನಿಂತವಳನ್ನು ನೋಡಿ ಅವರೇ ಕೈ ಚಾಚಿದರು. "ಕೊಡು ಇಲ್ಲಿ. ನಾನು ತುಂಬಿಸ್ಕಂಡ್ ಬರ್ತೀನಿ. ನೀನು ಓದ್ಕ ಹೋಗು."

ನಾನು ಪರೀಕ್ಷೆ ಬರೆದು ಮುಗಿಸುವಷ್ಟರಲ್ಲಿ ಇಡೀ ಕಟ್ಟು ತುಂಬಿ ಬಂದಿತ್ತು. ಒಂದೂ ಖಾಲಿ ಇಲ್ಲ. ಸಂತೋಷದಿಂದ ಅದನ್ನು ಹಾಗೇ ಮೇಡಂ ಮುಂದೆ ಇಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು. ಆಮೇಲೆ ಬೇಗ ಬೇಗ ತಿರುವಿದರು. ಆಮೇಲೆ ಕನ್ನಡಕ ತೆಗೆದರು.

"ಈ ಬಸ್ಸಲ್ಲಿ ಎಷ್ಟು ಸಲ ಓಡಾಡ್ತೀರಿ ಅಂದ್ರೆ ಎಲ್ರೂ ದಿನನಿತ್ಯ ಅಂತ ಬರ್ದಿದಾರಲ್ಲೆ! ಇಷ್ಟು ಜನ ದಿನಾ ಬರೋದಾದ್ರೆ ನೀನು ಹಿಂದಿನ ಏಣಿ ಹಿಡ್ಕಂಡು ಬರ್ಬೇಕಿತ್ತು. ಕಿಟಕಿ ಪಕ್ಕ ಕೂತ್ಕಂಡು ಬರ್ತೀನಿ ಅಂತೀಯ?"

ನಾನೂ ನೋಡಿದೆ. ಮೇಲಿನ ಮನೆ ಅಜ್ಜಿಯದೂ ಇತ್ತು. ದಿನನಿತ್ಯ. ಆಕೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಯಾವುದೋ ಕಾಲವಾಗಿತ್ತು. ಸ್ವಂತ ಜೀಪು ಇಟ್ಟುಕೊಂಡವರದೂ ದಿನನಿತ್ಯ. ನಗು ಬರಬೇಕಿತ್ತು. ಬರಲಿಲ್ಲ. ಇದನ್ನು ಇಟ್ಟುಕೊಂಡು ಬರೆದರೆ ತಾವು ಸಹಿ ಹಾಕುವುದಿಲ್ಲ, ಸರಿಯಾದದ್ದು ಬೇಗ ಬಾರದೆ ಹೋದರೆ ವರ್ಷವೂ ಕೈಬಿಟ್ಟೀತು ಎಂದು ಮೇಡಂ ಸಿಟ್ಟಿಲ್ಲದೆಯೇ ಹೇಳಿದರು. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದೆ. ಅವರು ಬಂದು ಎಂದಿನಂತೆ ಪೆಪ್ಪರಮಿಂಟು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. "ಎಂತಾಯ್ತೇ?" ಎಂದರು. ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಚಾಚಿದ ಕೈ ಹಾಗೇ ಇತ್ತು.

"ನಾನೇ ಹೇಳ್ಕೊಟ್ಟೆ ಕಣೆ" ಎಂದರು ಕೊನೆಗೆ. "ಮನೆಮನೆಗೂ ಹೋಗಿ, ದಿನಾ ಅಂತ ಬರೀರಿ, ಬಸ್ ಉಳೀತದೆ ಅಂದೆ. ನಿಂಗೆ ಹೀಗಾಗ್ತದೆ ಅಂತ ನಂಗೆಂತ ಗೊತ್ತು?"

ಆಮೇಲೆ ಅವರು ಮುಂದಿನ ಬಾಗಿಲ ಬಳಿ ಹೋಗಿ ನಿಂತರು. ಇಳಿಯುವವರಿದ್ದ ಒಂದು ಸ್ಟಾಪಿನಲ್ಲಿ ಸೀಟಿ ಊದುವುದನ್ನೇ ಮರೆತರು. ಹಾಗೆ ಮರೆತದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಿಂದಿನಿಂದ ಯಾರೋ, "ಏ ಮಾರಾಯಾ, ನನ್ನನ್ನ ಇವತ್ತು ನಿಮ್ ಜೊತೇಲೇ ಮಲಗಿಸ್ಕಳ್ತೀರಾ?" ಎಂದು ಕೂಗಿದ ಮೇಲೆಯೇ ಬಸ್ಸು ನಿಂತದ್ದು. ಎಲ್ಲ ನಕ್ಕರು. ಅವರು ನಗಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಹೊಸ ಹಾಳೆಗಳನ್ನು ಹಿಡಿದು ಬಸ್ಸು ಹತ್ತಿದೆ. ಸಂತೆಯ ದಿನವಾದ್ದರಿಂದ ಜನರಿದ್ದರು. ಟಿಕೆಟು ಕೊಡುವ ಮೊದಲು ಅವರು ಎಂಜಿನ್ ಬಳಿ ನಿಂತು, ಬೆನ್ನನ್ನು ಕಂಬಕ್ಕೆ ಆನಿಸಿ ಹೇಳಿದರು.

"ಎಲ್ರೂ ಕೇಳಿ ಮಾರಾಯ್ರೆ. ಈ ಕೂಸು ಇನ್ನೊಂದ್ ಸಲ ಕೇಳ್ತದೆ. ಈ ಸಲ ನಿಜ ಹೇಳಿ. ಮೊದ್ಲು ನಾನು ಹೇಳಿದ್ದನ್ನ ಬಿಟ್ಬಿಡಿ."

"ನಿಜ ಹೇಳಿದ್ರೆ ಬಸ್ ಹೋಗ್ತದೆ ಅಂತ ನೀನೇ ಅಂದಿದ್ಯಲ್ಲೋ?" ಎಂದರು ಒಬ್ಬರು.

"ಬಸ್ಸಿನ ಕತೆ ಆಮೇಲೆ ನೋಡಣ. ಕೂಸಿನ ವರ್ಷ ಹೋಗದು ಬೇಡ."

ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಬಸ್ಸಿನಲ್ಲಿ ಸಿಗದವರ ಮನೆಗಳಿಗೆ ಸಂಜೆ ನನ್ನ ಜೊತೆಗೇ ಬಂದರು. ತಾವು ಸುಳ್ಳು ಹೇಳಿಕೊಟ್ಟ ಅಂಗಳಗಳಿಗೇ ಮತ್ತೆ ಹೋಗಿ, ಅದನ್ನು ತಾವೇ ವಾಪಸು ತೆಗೆದುಕೊಂಡರು. ಮೇಲಿನ ಮನೆ ಅಜ್ಜಿ ಮಾತ್ರ ಹಟ ಹಿಡಿದರು. "ದಿನಾ ಅಂತಲೇ ಬರಿಯೇ. ಬಸ್ಸು ಬಂದದ್ದು ಕೇಳಿದ ಮೇಲೇ ನಾನು ದೇವರ ದೀಪ ಹಚ್ಚದು."

"ಅಜ್ಜೀ, ಹತ್ತಿದ್ದನ್ನ ಕೇಳ್ತಿರದು ಅದು" ಎಂದು ಅವರು ಮೆಲ್ಲಗೆ ಹೇಳಿದರು. ಅಜ್ಜಿ ಎದ್ದು, "ಹಾಗಾದ್ರೆ ಇಲ್ಲ ಅಂತ ಬರಿ" ಎಂದು ಒಳಗೆ ಹೋದರು.

ಕೊನೆಗೆ ಒಂದು ಖಾಲಿ ಹಾಳೆ ಉಳಿಯಿತು. ವಾಪಸು ಬರುತ್ತಾ ಶಾಲೆಯ ಬಯಲಿನಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ ಕೂತು ಅವರು ಕೇಳಿದರು.

"ನನ್ನನ್ನ ಕೇಳದಿಲ್ವೇನೆ?"

"ನೀವು ಪ್ರಯಾಣಿಕರಲ್ಲ ಮಾಮ. ಟಿಕೆಟ್ ತಗಳ್ಳೋರನ್ನ ಮಾತ್ರ ಕೇಳದು."

"ಹೌದಾ... ಅಲ್ವೇ, ನಿಜವಾಗಿ ದಿನಾ ಓಡಾಡೋನು ನಾನೊಬ್ನೇ ಅಲ್ಲನೇ?" ಎಂದು ದೊಡ್ಡದಾಗಿ ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ಕಿವಿಯಲ್ಲಿದೆ. ಅದರಲ್ಲಿ ನಗುವಲ್ಲದ್ದು ಎಷ್ಟಿತ್ತು ಎಂದು ಆಗ ನಾನು ನೋಡಲಿಲ್ಲ...

ಕೋಷ್ಟಕ ಹಾಕಿದಾಗ ದಿನನಿತ್ಯ ಎಂಬ ಸಾಲಿನಲ್ಲಿ ಉಳಿದದ್ದು ನಾನು, ಅಂಗನವಾಡಿ ಟೀಚರು, ಹೈಸ್ಕೂಲಿಗೆ ಹೋಗುವ ಕೆಲವು ಮಕ್ಕಳು. ಮಿಕ್ಕವರೆಲ್ಲ ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆ ಕಾರ್ಯಕ್ಕೆ. ಮಾತ್ರೆ, ಮಿಕ್ಸಿ ಜಾರು, ಅಜ್ಜಿಯ ದೀಪ ಇವನ್ನೆಲ್ಲ ಯಾವ ಸಾಲಿಗೆ ಸೇರಿಸುವುದು ಎಂದು ಮೇಡಂ ಬಳಿ ಕೇಳಿದೆ. "ಕೋಷ್ಟಕಕ್ಕೆ ಬರಲ್ಲ ಅದು. ಕಡೇ ಅಧ್ಯಾಯದಲ್ಲಿ ಸಲಹೆ ಅಂತ ಬರಿ. ಪೂರ್ತಿ ಬರಿ" ಎಂದರು. ಬರೆದೆ. ಬಸ್ಸು ನಿಲ್ಲಬಾರದು ಎಂಬುದಕ್ಕೆ ನನಗೆ ತಿಳಿದಷ್ಟನ್ನೂ ಬರೆದೆ. ಮೇಡಂ ಒಂದು ಸಾಲನ್ನೂ ಹೊಡೆಯಲಿಲ್ಲ.

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ನೀಲಿ ರಟ್ಟಿನ ಒಂದು ಪ್ರತಿಯನ್ನು ಕಂಡಕ್ಟರ್ ಮಾಮನಿಗೆ ಕೊಟ್ಟೆ. ಕೈಯನ್ನು ಖಾಕಿ ಪ್ಯಾಂಟಿಗೆ ಎರಡೂ ಕಡೆ ಒರೆಸಿಕೊಂಡು ತೆಗೆದುಕೊಂಡರು. "ಮಾಲೀಕರಿಗೆ ತೋರಿಸಬೇಡಿ ಮಾಮ" ಎಂದು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಅವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಡ್ರೈವರ್ ಸೀಟಿನ ಮೇಲಿದ್ದ ದೇವರ ಪಟದ ಹಿಂದೆ ಸಿಕ್ಕಿಸಿದರು.

ಆ ಮಳೆಗಾಲ ಮುಗಿಯುವ ಮೊದಲೇ ಬಸ್ಸು ಅಡ್ಡಗದ್ದೆಯಿಂದ ತಿರುಗತೊಡಗಿತು. ಸ್ವಲ್ಪ ದಿನಕ್ಕೆ ಅದೂ ನಿಂತಿತು. ನಾನಾಗ ಎಂ.ಎ.ಗೆಂದು ಊರು ಬಿಟ್ಟಿದ್ದೆ. ಕಂಡಕ್ಟರ್ ಮಾಮ ಕೊನೆಯ ಸಲ ನಮ್ಮ ಮನೆಯಲ್ಲಿ ಉಂಡ ದಿನ ನಾನಿರಲಿಲ್ಲ. ಎಲೆಯ ಮುಂದೆ ಕೂತು ಬದನೆಕಾಯಿಯ ಪ್ರಶ್ನೆ ಕೇಳಲೇ ಇಲ್ಲವಂತೆ. ಅಮ್ಮ ಇವತ್ತಿಗೂ ಅದನ್ನೇ ಹೇಳುತ್ತಾಳೆ.

ಎನ್.ಆರ್. ಪುರದಲ್ಲಿ ಕೆಲಸ ಸಿಕ್ಕಿದಾಗ ಅವರನ್ನು ಹುಡುಕಿಕೊಂಡು ಹೋಗಬೇಕು ಎಂದುಕೊಂಡೆ. ಕ್ಲಾಸು, ವ್ಯಾಲ್ಯುಯೇಶನ್ನು ಅಂತ ಹೋಗುವುದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಆ ಬಸ್ಸಿನ ಕಡೆಯ ಡ್ರೈವರು ಸಿಕ್ಕರು. ಈಗ ಯಾವುದೋ ಶಾಲೆಯ ವ್ಯಾನು ಓಡಿಸುತ್ತಾರೆ. ನನ್ನ ಗುರುತು ಹತ್ತಿದ ಕೂಡಲೇ ಅವರ ಮುಖ ಸಣ್ಣದಾಯಿತು.

"ನಿಮಗೆ ಗೊತ್ತಾಗ್ಲಿಲ್ವಾ ಅಮ್ಮ? ಹೋದ ಬೇಸಿಗೇಲಿ ಹೋಗ್ಬಿಟ್ಟ. ಮಗಳ ಮನೇಲಿದ್ದ. ಬೆಳಿಗ್ಗೆ ಎಲ್ರಿಗಿಂತ ಮುಂಚೆ ಎದ್ದು, ಅಂಗಿ ಹಾಕ್ಕಂಡು ಜಗಲೀಲಿ ಕೂತ್ಕಳ್ತಿದ್ನಂತೆ. ಎಲ್ಲಿಗೂ ಹೋಗಕ್ಕಿಲ್ಲ ಪಾಪ."

ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. ಅವರು ನನ್ನ ಪ್ರಬಂಧವನ್ನು ಮಾಲೀಕರಿಗೆ ತೋರಿಸಿದರಾ?

"ತೋರಿಸ್ದ. ನಾನು ಬೇಡ ಅಂದೆ ಕಣಮ್ಮ. ಅದ್ರಲ್ಲಿರೋ ಲೆಕ್ಕ ನೋಡಿದ್ರೆ ನಮ್ಮ ಬಸ್ಸು ಇವತ್ತೇ ಹೋಗ್ತದೆ, ಸುಮ್ನಿರು ಅಂದೆ. ಕೂಸು ಅಷ್ಟು ಕಷ್ಟಪಟ್ಟು ನಿಜ ಬರ್ದಿದೆ, ಬಚ್ಚಿಟ್ರೆ ಹೇಗೆ ಅಂದ. ಎರಡೂ ಕೈಯಲ್ಲಿ ಹಿಡ್ಕಂಡು ಹೋಗಿ ಕೊಟ್ಟ."

"ಅವರು ಓದಿದ್ರಾ?"

"ಕೋಷ್ಟಕ ನೋಡಿದ್ರು. ಕಡೇ ಪುಟದವರೆಗೆ ಹೋಗ್ಲಿಲ್ಲ."

ಪಕ್ಕದಲ್ಲೇ ಶಿವಮೊಗ್ಗದ ಬಸ್ಸು ಹಾರನ್ ಹೊಡೆಯುತ್ತಿತ್ತು. ಆಮೇಲೆ ಡ್ರೈವರು ಏನು ಹೇಳಿದರೋ, ನಾನು ಏನು ಹೇಳಿದೆನೋ...

ನಮ್ಮೂರಿನಲ್ಲಿ ಈಗ ಸಿಗ್ನಲ್ ಇದೆ. ಬೈಕುಗಳಿವೆ, ಕರೆದರೆ ಆಟೋ ಬರುತ್ತದೆ. ಮೇಲಿನ ಮನೆ ಅಜ್ಜಿ ಇಲ್ಲ. ಶಾಲೆಯ ಬಯಲಿನಲ್ಲಿ ಬಸ್ಸು ನಿಲ್ಲುತ್ತಿದ್ದ ಕಡೆ ಎರಡು ಉದ್ದದ ಗಾಲಿ ಗುಂಡಿಗಳು ಹುಲ್ಲು ಮುಚ್ಚಿಕೊಂಡು ಉಳಿದಿವೆ. ಅಮ್ಮ ಮಂಗಳವಾರ ಇನ್ನೂ ಬದನೆಕಾಯಿ ಮಾಡುವುದಿಲ್ಲ. ಯಾಕೆ ಎಂದರೆ, ಅಭ್ಯಾಸವಾಗಿದೆ ಅನ್ನುತ್ತಾಳೆ.

ಮೊನ್ನೆ ಆ ಹುಡುಗಿಯ ಹಾಳೆಗಳನ್ನು ತಿರುವುತ್ತಾ ಹೋದೆ. ಅವಳದೂ ಹೆಚ್ಚು ಕಡಿಮೆ ಅಂಥದೇ ಪ್ರಶ್ನಾವಳಿ. ಹಾಲಿನ ಡೇರಿಗೆ ಎಷ್ಟು ಸಲ ಹೋಗುತ್ತೀರಿ. ದಿನನಿತ್ಯ, ವಾರಕ್ಕೊಮ್ಮೆ, ಅಪರೂಪಕ್ಕೆ. ಆ ಮೊದಲ ಚೌಕದ ಮೇಲೆ ನನ್ನ ಬೆರಳು ನಿಂತಿತು. ಟಿಕೆಟು ತೆಗೆದುಕೊಳ್ಳುವವರನ್ನು ಮಾತ್ರ ಕೇಳಬೇಕು ಎಂಬ ನಿಯಮದಲ್ಲಿ ತಪ್ಪೇನೂ ಇಲ್ಲ, ಇವತ್ತೂ ನಾನು ಪಾಠದಲ್ಲಿ ಅದನ್ನೇ ಹೇಳುತ್ತೇನೆ. ಆದರೂ ಆ ಸಾಲಿಗೆ ಸೇರಬೇಕಿದ್ದ ಒಬ್ಬರು ಮೆಟ್ಟಿಲ ಮೇಲೆ ಕೂತು ಕಾದದ್ದು...

"ಮೇಡಂ, ಸರಿ ಇದ್ಯಾ?" ಎಂದಳು ಹುಡುಗಿ.

"ಸರಿ ಇದೆ. ಹೊರಡು, ನಿಮ್ಮೂರ ಬಸ್ಸಿಗೆ ಹೊತ್ತಾಯ್ತಲ್ಲ" ಎಂದೆ, ಎಲ್ಲೋ ನೋಡುತ್ತಾ.

"ನಮ್ಮೂರಿಗೆ ಬಸ್ಸಿಲ್ಲ ಮೇಡಂ. ಅಣ್ಣ ಬೈಕ್ ತಗಂಡು ಬರ್ತಾನೆ."