ಹಸಿರು ವೈರು

ಖಾಸಬಾಗದ ನಮ್ಮ ತವರುಮನೆಯ ಗೋಡೆಗೆ ಆತುಕೊಂಡೇ ಪಕ್ಕದವರ ಕರೆಂಟಿನ ಮಗ್ಗಗಳಿವೆ. ಅವು ಓಡುವಾಗ ಅಡುಗೆಮನೆಯ ತಾಟುಗಳೂ ಸಣ್ಣಗೆ ನಡುಗುತ್ತವೆ. ಆ ಸದ್ದಿನಲ್ಲೇ ಓದಿ, ಆ ಸದ್ದಿನಲ್ಲೇ ಮಲಗಿ ದೊಡ್ಡವರಾದವರು ನಾವು. ಹಾಗಾಗಿ ನನ್ನ ತಮ್ಮ ತನ್ನ ಗಿಟಾರಿನೊಳಗೆ ಏನೋ ಗುಂಯ್‌ಗುಡುತ್ತಿದೆ ಎಂದು ದೂರಿದಾಗ ಮನೆಯಲ್ಲಿ ಯಾರಿಗೂ ಅದು ಕೇಳಿಸಿರಲಿಲ್ಲ.

ಅವನು ಮದುವೆಯ ಆರತಕ್ಷತೆಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಹೋದ ಹೋದಲ್ಲಿ ಸೌಂಡಿನವರು ಕೊಟ್ಟ ಯಾವುದೋ ಆಂಪ್ಲಿಫೈಯರ್‌ಗೆ ವೈರು ಸಿಕ್ಕಿಸಿ, ಅದು ಹೊರಡಿಸಿದ ದನಿಯನ್ನೇ ತನ್ನದೆಂದು ಒಪ್ಪಿಕೊಳ್ಳಬೇಕು. "ನಂದ ಅಂತ ಒಂದ ದನಿ ಬೇಕಕ್ಕಾ" ಎನ್ನುತ್ತಿದ್ದ. ಅದಕ್ಕಾಗಿ ಒಂದೊಂದೇ ಯಂತ್ರ ಕೂಡಿಸಿದ. ಕಡೆಗೆ, ಮಗ್ಗದ ಸಾಮಾನು ಮಾಡುವ ಬಡಿಗರಿಂದ ಗಟ್ಟಿ ಕಟ್ಟಿಗೆಯ ರ‍್ಯಾಕ್ ಮಾಡಿಸಿ ಎಲ್ಲವನ್ನೂ ಅದರಲ್ಲಿ ಕೂರಿಸಿದ. ಎಲ್ಲಕ್ಕಿಂತ ಮೇಲೆ ಪ್ರಿಆಂಪ್. ತಂತಿಯ ಸಣ್ಣ ದನಿಗೆ ಮೊದಲ ಬಲ ಕೊಡುವುದು ಅದು. ಅದರ ಕೆಳಗೆ, ದನಿಗೆ ಗವಿಯ ಮಾರ್ದನಿಯನ್ನೋ ನೀರಿನ ಅಲುಗಾಟವನ್ನೋ ಸೇರಿಸುವ ಎಫೆಕ್ಟ್ ಯಂತ್ರ. ತೂಕದ ಪವರ್ ಆಂಪ್ ತಳದಲ್ಲಿ. ಅವ್ವ ರ‍್ಯಾಕಿನ ಹಣೆಗೂ ವಿಭೂತಿ ಎಳೆದಳು.

ಮಹಾಂತೇಶ ನಗರದ ನನ್ನ ಮನೆಯಿಂದ ರವಿವಾರ ಹೋದರೆ ನನಗೆ ಬ್ಯಾಟರಿ ಹಿಡಿಯುವ ಕೆಲಸ.

"ಹಿಂದ ಬಿಡು ಬೆಳಕು. ನನ್ನ ಮೂಗ ಮ್ಯಾಲ ಯಾಕ ಬಿಡಾಕತ್ತಿ?"

"ನಿನ್ನ ಮೂಗ ಎಲ್ಲಾದಕೂ ಅಡ್ಡ ಬರತೈತೆಲ್ಲ, ಅದಕ್ಕ."

ಗುಂಯ್ ಮಾತ್ರ ಹೋಗಲೊಲ್ಲದು. ವೈರು ಬದಲಿಸಿದ, ಯಂತ್ರಗಳ ನಡುವೆ ಜಾಗ ಬಿಟ್ಟ. ಅಮಾವಾಸ್ಯೆಗೆ ನಮ್ಮ ಓಣಿಯ ಮಗ್ಗಗಳಿಗೆ ರಜೆ. ಆ ದಿನ ರ‍್ಯಾಕ್ ಹಚ್ಚಿದರೆ ನಿಶ್ಶಬ್ದ. ಅವನ ಮುಖ ಅರಳಿತು. ಗುಂಯ್ ಬರುತ್ತಿದ್ದದ್ದು ಮಗ್ಗದ ಮೋಟಾರುಗಳಿಂದ, ಅರ್ಥಿಂಗಿನ ಮೂಲಕ ಎಂದು ತಿಳಿಯಿತು. ಮರುದಿನವೇ ರ‍್ಯಾಕಿನ ಪ್ಲಗ್ ಬಿಚ್ಚಿ, ಮೂರನೇ ಪಿನ್ನಿನ ಹಸಿರು ವೈರು ಕಳಚಿ, ಹಿಂದಕ್ಕೆ ಮಡಚಿ ಟೇಪು ಸುತ್ತಿದ.

"ಅದ ಬೇಕಾಗೂದಿಲ್ಲೇನೋ?"

"ಬರೇ ಅರ್ಥಿಂಗ್ ಅದು. ಅದರಾಗ ಕರೆಂಟ್ ಹರಿಯೂದಿಲ್ಲ. ಎಲ್ಲಾ ಗಿಟಾರಿನವ್ರೂ ಹಿಂಗ ಮಾಡತಾರ."

ಅವನು ಹೇಳಿದ್ದು ಸುಳ್ಳಲ್ಲ. ಎಲ್ಲ ನೆಟ್ಟಗಿರುವವರೆಗೆ ಅದರಲ್ಲಿ ಏನೂ ಹರಿಯುವುದಿಲ್ಲ.

ಮಗ್ಗಗಳು ಓಡುತ್ತಿರುವಾಗಲೇ ಅವನು ಒಂದು ತಂತಿ ಮೀಟಿದ. ಆ ದನಿ ತಿಳಿಯಾಗಿ ಎದ್ದು, ಕೋಣೆ ತುಂಬಿ, ತಾನೇ ತಾನಾಗಿ ಆರಿತು. "ಮಷೀನಿನ ಬಾಯಿ ಮುಚ್ಚಿಸಿದೆಲ್ಲ, ಇನ್ನ ಬಂದು ಉಣ್ಣು" ಎಂದಳು ಅವ್ವ. ಅವನು ಕಣ್ಣು ಮುಚ್ಚಿಕೊಂಡಿದ್ದ. ನುಡಿಸುವಾಗ ಯಾವತ್ತೂ ಹಾಗೆಯೇ. ಬೆರಳುಗಳಿಗೆ ದಾರಿ ಗೊತ್ತು ಎನ್ನುತ್ತಿದ್ದ.

ಖಾನಾಪುರದಲ್ಲಿ ಪರಿಚಯದವರ ಆರತಕ್ಷತೆ, ನಾನೂ ಹೋಗಿದ್ದೆ. ರ‍್ಯಾಕ್ ಟೆಂಪೋದಲ್ಲಿ ಕುಲುಕಾಡುತ್ತ ಹೋಯಿತು. ಆ ಕುಲುಕಾಟದಲ್ಲಿ ಪವರ್ ಆಂಪಿನೊಳಗೆ ಒಂದು ವೈರು ಸವೆದು ಅದರ ಹೊರ ತಗಡಿಗೆ ತಾಗಿತ್ತೆಂಬುದು ಆಮೇಲೆ ರಿಪೇರಿಯವರು ಬಿಚ್ಚಿದಾಗ ತಿಳಿದ ಮಾತು. ತಗಡಿನಿಂದ ಕರೆಂಟು ಪ್ರಿಆಂಪಿಗೆ, ಅಲ್ಲಿಂದ ಗಿಟಾರಿನ ತಂತಿಗಳಿಗೆ. ಅದನ್ನು ನೆಲಕ್ಕಿಳಿಸಬೇಕಾದ ಹಸಿರು ವೈರು ಟೇಪಿನೊಳಗೆ ಸುಮ್ಮನಿತ್ತು.

ರಬ್ಬರಿನ ಬೂಟು, ಹಲಗೆಯ ವೇದಿಕೆ. ಇಡೀ ಹಾಡು ನುಡಿಸಿದರೂ ಅವನಿಗೆ ಏನೂ ಆಗಲಿಲ್ಲ. ಮದುಮಕ್ಕಳಿಗೆ ಶುಭ ಕೋರಲೆಂದು ಮೈಕಿನತ್ತ ಬಾಗಿದ. ಆ ಮೈಕು ಸೌಂಡಿನವರದು, ಅದರ ಅರ್ಥಿಂಗ್ ನೆಟ್ಟಗಿತ್ತು. ತುಟಿ ತಾಗಿತು.

ಕೂಗಲಿಲ್ಲ. ತಲೆ ಹಿಂದಕ್ಕೆ ಸೆಟೆಯಿತು, ಎಡಗೈ ಗಿಟಾರಿನ ಕತ್ತನ್ನು ಬಿಗಿಯಾಗಿ ಹಿಡಿದೇ ಇತ್ತು, ಮೈ ಕುಣಿಯುವಂತೆ ಅದುರಿತು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನು ಓಡಿದೆ. ಅವನ ಭುಜಕ್ಕೆ ಕೈ ಚಾಚಿದ್ದೆ, ಇನ್ನೇನು ಮುಟ್ಟಬೇಕು, ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದು ಜಗ್ಗಿದರು. "ಹಾತ ಲಾವೂ ನಕಾ! ಮುಟ್ಟಬ್ಯಾಡ್ರಿ ಅಕ್ಕಾರ!" ಅದು ಸೌಂಡಿನವರ ದನಿ. ಅವರೇ ಹಾರಿಹೋಗಿ ಮೇನ್ ಸ್ವಿಚ್ ಕೆಳಗೆಳೆದರು. ಕತ್ತಲಾಯಿತು. ಆ ಕತ್ತಲಲ್ಲಿ ಗಿಟಾರಿನ ಸಮೇತ ಅವನು ಬಿದ್ದ ಸದ್ದು ಕೇಳಿತು.

ಈಗಲೂ ಸ್ವಿಚ್ಚಿಗೆ ಕೈ ಹಾಕಿದರೆ ಹೆಗಲ ಮೇಲೆ ಆ ಜಗ್ಗು ಬರುತ್ತದೆ. ಎಷ್ಟೋ ಸಲ ಕುಕ್ಕರ್ ಕೂಗುತ್ತಿದ್ದರೂ ನಾನು ಆ ವೇದಿಕೆಯ ಮೇಲೇ ಇರುತ್ತೇನೆ, ಕೈ ಚಾಚಿಕೊಂಡು. ಚಪ್ಪಾಳೆ ತಟ್ಟಿದವರ ಮೇಲೆ ಸಿಟ್ಟಿಲ್ಲ. ಅವರು ಕಂಡದ್ದು ಕುಣಿತವನ್ನೇ.

ತಮ್ಮ ಬದುಕಿದ. ಎಡಗೈಯ ಬೆರಳುಗಳ ತುದಿಯಲ್ಲಿ ತಂತಿಗಳು ಸುಟ್ಟು ಗೆರೆ ಬಿಟ್ಟಿದ್ದವು. ಗಾಯ ಮಾಯಿತು, ಸ್ಪರ್ಶ ತಿರುಗಿ ಬರಲಿಲ್ಲ. ಬಂದರೂ ಬರಬಹುದು, ಕಾಯಿರಿ ಎಂದರು ಡಾಕ್ಟರು. ಬಿಸಿ ಚಹಾದ ಕಪ್ಪನ್ನು ಅವನು ಆ ಕೈಯಲ್ಲಿ ಆರಾಮಾಗಿ ಹಿಡಿದುಕೊಳ್ಳುತ್ತಾನೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ.

ರ‍್ಯಾಕ್ ರಿಪೇರಿಯಾಗಿ ಬಂದಿದೆ, ಹಸಿರು ವೈರು ತನ್ನ ಜಾಗದಲ್ಲಿದೆ. ಹಾಗಾಗಿ ಗುಂಯ್ ಕೂಡ ಬಂದಿದೆ. ಕಳೆದ ರವಿವಾರ ಅವನೇ, "ಹಚ್ಚಕ್ಕಾ" ಎಂದ. ಪರ್ಸಿನಿಂದ ಟೆಸ್ಟರ್ ತೆಗೆದು ಒಂದೊಂದೇ ತಂತಿಗೆ ಇಟ್ಟು ನೋಡಿದೆ. ಅದರ ದೀಪ ಹತ್ತಲಿಲ್ಲ. ಮತ್ತೊಮ್ಮೆ ಇಟ್ಟೆ.

"ತಂತೀಗೆ ಇಂಜೆಕ್ಷನ್ ಮಾಡೂದು ಮುಗೀತೇನ್ರಿ ಡಾಕ್ಟರಮ್ಮಾರ?"

ನಗಲಾಗಲಿಲ್ಲ. ಗಿಟಾರ್ ಕೊಟ್ಟೆ. ಅವನು ಎಂದಿನಂತೆ ಕಣ್ಣು ಮುಚ್ಚಿದ. ಬೆರಳುಗಳು ಹೊರಟವು, ನಿಂತವು.

"ಅಕ್ಕಾ, ಬೆರಳ ತಂತಿ ಮ್ಯಾಲ ಐತೇನು?"

ಇರಲಿಲ್ಲ. ತಂತಿಯ ಪಕ್ಕದ ಬರಿಯ ಕಟ್ಟಿಗೆಯನ್ನು ಒತ್ತುತ್ತಿತ್ತು, ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ.

"ಒಂಚೂರು ಕೆಳಗ, ತಮ್ಮಾ."

"ಈಗ?"

"ಈಗ ಐತಿ."

ಬಲಗೈಯಿಂದ ಮೀಟಿದ. ಥಪ್ ಎಂದಿತು, ಅಷ್ಟೇ. ಅದರಡಿಯಲ್ಲಿ ಗುಂಯ್ ಹಾಗೇ ನಡೆದಿತ್ತು. ಅವನು ಕಣ್ಣು ತೆರೆಯಲಿಲ್ಲ.

"ಮತ್ತ ಹೇಳು" ಎಂದ. "ಎಲ್ಲೈತಿ ಬೆರಳು?"